ದೋನ್ ರಮೋನರ ತಿದ್ದಿದ ಪ್ರತಿ

ನನ್ನ ದಿನಚರಿಯಲ್ಲಿ ಎಲ್ಲರೂ ಒಳ್ಳೆಯ ಕನ್ನಡ ಮಾತಾಡುತ್ತಾರೆ. ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ ನೋಡಿದ ಅಧಿಕಾರಿ, "ಇದರಲ್ಲಿ ಮೊಳಕೆಯೊಡೆಯಬಲ್ಲ ಬೀಜಗಳೇನಾದರೂ ಇವೆಯೆ?" ಎಂದು ಕೇಳಿದನೆಂದು ಬರೆದಿದೆ. ಅವನು ಹಾಗೆ ಕೇಳಿರಲಾರ. ಹುಬ್ಬು ಹಾರಿಸಿ ಒಂದೇ ಒಂದು ಶಬ್ದ ಉಸುರಿರಬೇಕು. ಹಾಗಾಗಿ ಇಲ್ಲಿ ಯಾರಾದರೂ ತುಂಬ ಚೆನ್ನಾಗಿ ಮಾತಾಡಿದಂತೆ ಕಂಡರೆ ಓದುಗರು ನನ್ನನ್ನು ಅನುಮಾನಿಸಬೇಕು. ಇಸವಿ ವಿಷಯದಲ್ಲೂ ಅಷ್ಟೇ. ನೆನಪು 2013 ಎನ್ನುತ್ತದೆ, ಪಾಸ್‌ಪೋರ್ಟು 2014 ಎನ್ನುತ್ತದೆ. ಪಾಸ್‌ಪೋರ್ಟಿಗೆ ಮುದ್ರೆಯಿದೆ, ನೆನಪಿಗಿಲ್ಲ. ಪಾಸ್‌ಪೋರ್ಟನ್ನೇ ನಂಬೋಣ.

ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಸ್ಪ್ಯಾನಿಷ್ ಕಲಿಸುವವಳು. ಯಾಕೆ ಸ್ಪ್ಯಾನಿಷ್ ಎಂದು ಕೇಳದ ನೆಂಟರಿಲ್ಲ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಚಿಲಿ ದೇಶದವರ ಸ್ಪ್ಯಾನಿಷ್ ವ್ಯಾಕರಣ ನಾಲ್ಕು ದಶಕದಲ್ಲಿ ಹೇಗೆ ಬದಲಾಗಿದೆ ಎಂದು ತಿಳಿಯಲು ಪರ್ತ್‌ನ ವಿಶ್ವವಿದ್ಯಾಲಯವೊಂದರ ಸಂಶೋಧಕಿಯೊಬ್ಬಳಿಗೆ ಮಾತು ರೆಕಾರ್ಡ್ ಮಾಡಿ ಬೆರಳಚ್ಚು ಮಾಡಿಕೊಡುವವರು ಬೇಕಿತ್ತು. ಅವಳ ಹೆಸರು ಜೂಡಿ, ಒಮ್ಮೆ ಬೆಂಗಳೂರಿನ ಕಮ್ಮಟದಲ್ಲಿ ಪರಿಚಯವಾದವಳು. ಸ್ಪ್ಯಾನಿಷ್ ಮನೆಮಾತಿನವರು ಅಷ್ಟು ಜನ ಇರುವಾಗ ನಾನೇ ಏಕೆ ಎಂದು ಕೇಳಿದೆ. ಅವಳ ಉತ್ತರ ಸರಳವಾಗಿತ್ತು: ಅರ್ಜೆಂಟೀನದವರ ಮುಂದೆ ಚಿಲಿಯವರು ಬಾಯಿ ಬಿಡುವುದಿಲ್ಲ, ಸ್ಪೇನಿನವರ ಮುಂದೆ ಯಾರೂ ಬಿಡುವುದಿಲ್ಲ. ಒಬ್ಬರ ಭಾಷೆ ಕಂಡರೆ ಇನ್ನೊಬ್ಬರಿಗೆ ನಗು. ನನ್ನ ಸ್ಪ್ಯಾನಿಷ್‌ಗೆ ಊರೇ ಇಲ್ಲ, ಪಠ್ಯಪುಸ್ತಕದಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. ನನ್ನ ಮುಂದೆ ಯಾರೂ ಸಂಕೋಚಪಡುವುದಿಲ್ಲ.

ಇದನ್ನು ಹೊಗಳಿಕೆ ಎಂದು ತಿಳಿದು ಹೊರಟೆ.

ಪರ್ತ್: ಥಾರ್ನ್ಲಿ

ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ಚಿಕ್ಕಮ್ಮನ ಮಗ ಸತೀಶನ ಮನೆ. ಅವನು ಇಂಜಿನಿಯರು, ಹೆಂಡತಿ ವೀಣಾ ಡಾಕ್ಟರು, ಮಗಳು ಅನಿಕಾಗೆ ಎಂಟು ವರ್ಷ. ವಿಮಾನ ನಿಲ್ದಾಣಕ್ಕೆ ಮೂವರೂ ಬಂದಿದ್ದರು. ಕಾರಿನಲ್ಲಿ ಕೂತ ಕೂಡಲೇ ಮಗು ಬಹಳ ಹೊತ್ತು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ವಾಕ್ಯವನ್ನು ಹೊರಗೆ ಬಿಟ್ಟಳು.

"ಅತ್ತೆ, ನೀನು ಸುಸ್ತು ಆಗಿದ್ದಾಳಾ?"

"ಹಾಗಲ್ಲ ಪುಟ್ಟಿ. ದೊಡ್ಡವರಿಗೆ 'ನಿಮಗೆ ಸುಸ್ತಾಗಿದೆಯಾ' ಅನ್ಬೇಕು. ಎಲ್ಲಿ, ಹೇಳು?"

ಅನಿಕಾ ಕಿಟಕಿಯತ್ತ ತಿರುಗಿದಳು. "ನೆವರ್ ಮೈಂಡ್," ಎಂದಳು. ಮೂರು ವಾರ ಅವಳು ನನ್ನೊಂದಿಗೆ ಆಡಿದ ಕೊನೆಯ ಕನ್ನಡ ಅದೇ, ಅದೂ ಕನ್ನಡವಲ್ಲ.

ಮನೆ ತಲುಪಿದ ಮೇಲೆ ವೀಣಾ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಅಕ್ಕ, ಅವಳನ್ನ ಕರೆಕ್ಟ್ ಮಾಡ್ಬೇಡಿ ಪ್ಲೀಸ್. ಒಂದ್ಸಲ ಕರೆಕ್ಟ್ ಮಾಡಿದ್ರೆ ಒಂದ್ ತಿಂಗ್ಳು ಬಾಯೇ ಬಿಡಲ್ಲ. ನಮ್ಮತ್ತೆ ಬಂದು ಹೋದ್ಮೇಲೆ ಆರು ತಿಂಗ್ಳು ಬರೀ ಇಂಗ್ಲಿಷು."

"ತಪ್ಪನ್ನ ತಪ್ಪು ಅನ್ನದೆ ಇದ್ರೆ ಕಲಿಯೋದು ಹೇಗಮ್ಮ?" ಎಂದೆ. ಸತೀಶ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡೇ, "ಅಕ್ಕಾ, ನಾಳೆ ಆರ್ವೋ ನಿನ್ನ ಡ್ರಾಪ್ ಮಾಡ್ಬಿಡ್ತೀನಿ, ಸರ್ವೋದಲ್ಲಿ ಫ್ಯೂಯೆಲ್ ಹಾಕ್ಸ್ಕೊಂಡ್ ಬರ್ತೀನಿ," ಎಂದ. ಮಧ್ಯಾಹ್ನ ಮತ್ತು ಪೆಟ್ರೋಲ್ ಬಂಕು ಇಲ್ಲಿ ಹೀಗೆ ಬಾಲ ಕತ್ತರಿಸಿಕೊಂಡು ಓಡಾಡುತ್ತವೆ. ಅವನನ್ನು ತಿದ್ದಬೇಕೆಂದು ನನಗೆ ಅನ್ನಿಸಲಿಲ್ಲ. ಸಂಬಳ ತರುವವರ ತಪ್ಪು ತಪ್ಪಲ್ಲವೇನೋ.

ಮರುದಿನದ ಮಧ್ಯಾಹ್ನ ದೋನ್ ರಮೋನ್ ಅವರ ಮನೆ. 'ದೋನ್' ಎಂದರೆ ನಮ್ಮ 'ರಾಯರು' ಇದ್ದಂತೆ. ಹತ್ತೊಂಬತ್ತನೆಯ ವಯಸ್ಸಿಗೆ ಚಿಲಿಯಿಂದ ಬಂದು, ಬಸ್ಸು ರಿಪೇರಿ ಮಾಡಿ ನಿವೃತ್ತರಾದವರು. ಜೊತೆಗೆ ಬಂದ ತಮ್ಮ ಲೂಚೊ ಬ್ರಿಸ್ಬೇನ್‌ನಲ್ಲಿ, ಆಗ ನಾಲ್ಕು ವರ್ಷದವಳಾಗಿದ್ದ ತಂಗಿ ಮಾರ್ತಾ ಅಡಿಲೇಡ್‌ನಲ್ಲಿ. ಒಂದೇ ಮನೆಯಿಂದ ಹೊರಟು ಮೂರು ಊರಿಗೆ ಚೆದುರಿದ ಕುಟುಂಬ ಜೂಡಿಯ ಪಾಲಿಗೆ ನಿಧಿ.

ರಮೋನರು ಟೈ ಕಟ್ಟಿಕೊಂಡು ಕೂತಿದ್ದರು. ರೆಕಾರ್ಡರ್ ನೋಡಿ ಗಂಟಲು ಸರಿಮಾಡಿಕೊಂಡು ಒಂದು ಗಂಟೆ ಒಂದೇ ವಿಷಯದ ಮೇಲೆ ಭಾಷಣ ಮಾಡಿದರು: ತಂಗಿ ಹೇಗೆ ಭಾಷೆ ಕೆಡಿಸುತ್ತಿದ್ದಾಳೆ ಎಂದು. ಮಾರ್ತಾ ಅಡಿಲೇಡ್‌ನಲ್ಲಿ ಶನಿವಾರ ಬೆಳಿಗ್ಗೆ ಸಮುದಾಯದ ಮಕ್ಕಳಿಗೆ ಸ್ಪ್ಯಾನಿಷ್ ಪಾಠ ಹೇಳುತ್ತಾಳೆ. ಅಲ್ಲಿನ ಚಿಲಿಯವರ ಸಂಘದ ಸಮಿತಿಗೆ ಇವರು ಪತ್ರ ಬರೆದು, ಅವಳನ್ನು ಬಿಡಿಸಿ ಎಂದು ಕೇಳಿದ್ದಾರೆ. ಪಾಪಗಳ ಪಟ್ಟಿಯನ್ನೂ ಜೋಡಿಸಿದ್ದಾರೆ. ಕಾರು ನಿಲ್ಲಿಸುವುದಕ್ಕೆ ಇಂಗ್ಲಿಷಿನ 'ಪಾರ್ಕ್'ಗೆ ಸ್ಪ್ಯಾನಿಷ್ ಬಾಲ ಅಂಟಿಸಿ 'ಪಾರ್ಕಿಯಾರ್' ಅನ್ನುತ್ತಾಳೆ. ಆಮೇಲೆ ಫೋನ್ ಮಾಡುತ್ತೇನೆ ಎನ್ನಲು 'ತೆ ಯಾಮೊ ಪಾರ ಅತ್ರಾಸ್' ಅನ್ನುತ್ತಾಳೆ, ಅಂದರೆ 'ಹಿಂದಕ್ಕೆ ಕರೆಯುತ್ತೇನೆ'. ದೊಡ್ಡವರನ್ನು ಏಕವಚನದಲ್ಲಿ ಮಾತಾಡಿಸುತ್ತಾಳೆ. ಕ್ರಿಯಾಪದದ ಕೊನೆಯೇ ಯಾರೆಂದು ಹೇಳುವಾಗ ಪ್ರತಿ ವಾಕ್ಯಕ್ಕೂ 'ನಾನು, ನಾನು' ಸೇರಿಸುತ್ತಾಳೆ. ಎಲ್ಲಕ್ಕಿಂತ ಘೋರವಾದದ್ದು, ಹಾರೈಕೆಯ ರೂಪವನ್ನೇ ಕೊಂದಿದ್ದಾಳೆ. ನಾವು 'ಅವನು ಬರಲಿ ಎಂದು ಬಯಸುತ್ತೇನೆ' ಎನ್ನುವ ಕಡೆ ಅವಳದು 'ಅವನು ಬರುತ್ತಾನೆ ಎಂದು ಬಯಸುತ್ತೇನೆ'.

"ಬಯಸೋದಕ್ಕೂ ಬರೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಮಕ್ಕಳಿಗೆ ಏನು ಕಲಿಸ್ತಾರೆ, ಸೆನ್ಯೋರಾ?" ಎಂದು ಕೇಳಿದರು. ನಾನು ತಲೆದೂಗಿದೆ. ಆ ಕ್ಷಣ ನನಗೆ ಮಾರ್ತಾ ಅಲ್ಲ, ಅನಿಕಾ ಕಾಣುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗಲೇ ಅನ್ನಿಸಿತ್ತೋ, ಆಮೇಲೆ ಸೇರಿಸಿಕೊಂಡೆನೋ ತಿಳಿಯದು.

ಮೂರು ದಿನ ಕೂತು ಬೆರಳಚ್ಚು ಮಾಡಿದೆ. ಮಾತು ಕೊಟ್ಟವರು ಕೇಳಿದರೆ ಪ್ರತಿ ಕೊಡಬೇಕೆಂದು ಒಪ್ಪಿಗೆ ಪತ್ರದಲ್ಲಿದೆ. ರಮೋನರು ಕೇಳಿದರು. ಪ್ರತಿ ಕೈಗೆ ಬಂದ ಮೇಲೆ ಅದನ್ನು ಹಿಂದೆ ಮುಂದೆ ತಿರುಗಿಸಿ, "ಮುದ್ರೆ ಎಲ್ಲಿ?" ಎಂದರು. ಆಸ್ಟ್ರೇಲಿಯಾದವರಿಗೆ ಈ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ನಾನು ಮೈಸೂರಿನವಳು. ಮುದ್ರೆಯಿಲ್ಲದ ಕಾಗದ ಬಜ್ಜಿ ಕಟ್ಟುವುದಕ್ಕೆ ಮಾತ್ರ ಎಂದು ಗೊತ್ತು. ಜೂಡಿಯ ಕಚೇರಿಯ ಗುಮಾಸ್ತೆಯ ಮೇಜಿನ ಡ್ರಾಯರಿನಲ್ಲಿ, ಯಾರೂ ಮುಟ್ಟದ ಒಂದು ಮುದ್ರೆ ಸಿಕ್ಕಿತು. 'ಸ್ವೀಕರಿಸಲಾಗಿದೆ' ಎಂದಷ್ಟೇ ಇತ್ತು, ಸುತ್ತ ವಿಶ್ವವಿದ್ಯಾಲಯದ ಹೆಸರು. ಪುಟಪುಟಕ್ಕೂ ಒತ್ತಿದೆ. ರಮೋನರ ಮುಖ ಅರಳಿತು. ಒಬ್ಬ ಮನುಷ್ಯನಿಗೆ ಇಷ್ಟು ಸುಲಭದಲ್ಲಿ ಸಂತೋಷ ಕೊಟ್ಟೆನಲ್ಲ ಎಂದು ನಾನೂ ಬೀಗಿದೆ.

ಬ್ರಿಸ್ಬೇನ್

ಲೂಚೊ ಅಣ್ಣನ ತದ್ವಿರುದ್ಧ. ಚಡ್ಡಿ ಹಾಕಿಕೊಂಡು ಹಿತ್ತಿಲಲ್ಲಿ ಇದ್ದಿಲ ಒಲೆ ಮುಂದೆ ನಿಂತಿದ್ದ. ನನ್ನ ರೆಕಾರ್ಡರನ್ನು ಸಾಸೇಜಿನ ತಟ್ಟೆ ಪಕ್ಕ ಇಟ್ಟುಕೊಂಡು ಮಾತಾಡಿದ. ಆ ಧ್ವನಿಮುದ್ರಣದಲ್ಲಿ ಅರ್ಧ ಮಾಂಸ ಚುರ್ರೆನ್ನುವ ಸದ್ದು, ಕಾಲು ಭಾಗ ನಾಯಿ. ಸಸ್ಯಾಹಾರಿ ಎಂದದ್ದಕ್ಕೆ ನನಗೆ ಕೋಳಿ ಕೊಟ್ಟರು. ಕೋಳಿಯೂ ಬೇಡವೆಂದಾಗ ಇಡೀ ಹಿತ್ತಿಲು ಮೌನವಾಯಿತು, ಯಾರದೋ ಸಾವಿನ ಸುದ್ದಿ ಬಂದಂತೆ. ಕೊನೆಗೆ ಬ್ರೆಡ್ಡು, ಟೊಮೆಟೊ, ಮತ್ತು ಎಲ್ಲರ ಕರುಣೆ ಸಿಕ್ಕಿತು.

"ಅಣ್ಣನಿಗೆ ಪೇಪರ್ ಕೊಟ್ಟೋಳು ನೀನೇನಾ?" ಎಂದು ಲೂಚೊ ಕೇಳಿದ. ಅವನೂ ಏಕವಚನದವನೇ. "ಏನ್ ಕೆಲ್ಸ ಮಾಡಿದೆ ಮಾರಾಯ್ತಿ! ಅದರ ಜೆರಾಕ್ಸ್ ಅಡಿಲೇಡಿಗೆ ಕಳ್ಸಿದಾನೆ. 'ನಲವತ್ತು ವರ್ಷ ಆದ್ರೂ ಒಂದೇ ಒಂದು ತಪ್ಪಿಲ್ಲ, ಯೂನಿವರ್ಸಿಟಿಯೇ ಮುದ್ರೆ ಒತ್ತಿದೆ, ನೋಡಿ' ಅಂತ. ಭಾನುವಾರ ಮೀಟಿಂಗು. ಮಾರ್ತಾನ ತೆಗೀತಾರೆ."

ಮಾರಾಯ್ತಿ ಎಂದು ಅವನು ಹೇಳಲಿಲ್ಲ. ಹೇಳಿದ್ದು ಚಿಲಿಯವರ ಬೇರೊಂದು ಮಾತು, ಅದನ್ನು ನಾನು ಅಚ್ಚಿಗೆ ಕೊಡಲಾರೆ.

"ನಿಜವಾಗಿಯೂ ಅವರು ಒಂದೂ ತಪ್ಪು ಮಾಡಲಿಲ್ಲ," ಎಂದೆ.

ಲೂಚೊ ಇಕ್ಕಳ ಕೆಳಗಿಟ್ಟು ನನ್ನನ್ನೇ ನೋಡಿದ. "ರಮೋನ್? ನಮ್ಮ ರಮೋನ್? ಇನ್ನೊಂದ್ಸಲ ಕೇಳ್ಸ್ಕೋ."

ಕೋಣೆಗೆ ಬಂದು ಕೇಳಿಸಿಕೊಂಡೆ. ಒಂದು ಕಿವಿಯಲ್ಲಿ ಧ್ವನಿ, ಕಣ್ಣೆದುರು ನಾನೇ ಬೆರಳಚ್ಚು ಮಾಡಿದ ಪುಟ. ಮೊದಲ ಪುಟದಲ್ಲೇ ಮೂರು ಕಡೆ ಧ್ವನಿ ಒಂದು ಹೇಳಿದರೆ ಪುಟ ಇನ್ನೊಂದು ಹೇಳುತ್ತಿತ್ತು. 'ನಾನು, ನಾನು' ಎಂದು ಅವರೂ ಅಂದಿದ್ದರು, ನಾನು ತೆಗೆದಿದ್ದೆ. ಅವರೂ 'ಪಾರ್ಕಿಯಾರ್' ಅಂದಿದ್ದರು, ನಾನು ಶುದ್ಧ ಪದ ಹಾಕಿದ್ದೆ. ತಂಗಿ ಹಾರೈಕೆಯ ರೂಪ ಕೊಂದಳೆಂದು ಗೋಳಾಡುವ ಅದೇ ಉಸಿರಿನಲ್ಲಿ, "ಸಮಿತಿಯವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಬಯಸುತ್ತೇನೆ" ಎಂದಿದ್ದರು. ನಾನು 'ಮಾಡಿಕೊಳ್ಳಲಿ' ಎಂದು ಬದುಕಿಸಿದ್ದೆ. ಮೂವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ.

ಬೇಕೆಂದು ಮಾಡಿದ್ದಲ್ಲ. ಇಪ್ಪತ್ತು ವರ್ಷ ಕೆಂಪು ಪೆನ್ನು ಹಿಡಿದ ಕೈ ಅದು. ಆದರೆ ಕೈಯನ್ನು ಮಾತ್ರ ದೂರಿದರೆ ಸುಳ್ಳಾಗುತ್ತದೆ. ಅಂದು ರಮೋನರ ಎದುರಿಗೇ ಕೂತಾಗಲೂ ನನಗೆ ತಪ್ಪು ಕೇಳಿಸಿರಲಿಲ್ಲ. ಟೈ ಕಟ್ಟಿದ, ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ ಮನುಷ್ಯ ತಪ್ಪು ಮಾಡುವುದಿಲ್ಲವೆಂದು ಕಿವಿ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಎಂಟು ವರ್ಷದ ಹುಡುಗಿಯ ಒಂದು ವಾಕ್ಯದಲ್ಲಿ ಎಲ್ಲ ತಪ್ಪೂ ಕೇಳಿಸಿದ ಕಿವಿಯೂ ಅದೇ.

ಜೂಡಿಗೆ ಫೋನ್ ಮಾಡಿ ಒಪ್ಪಿಕೊಂಡೆ. ವ್ಯಾಕರಣ ಹೇಗೆ ಬದಲಾಗಿದೆ ಎಂದು ತಿಳಿಯಲು ಕರೆಸಿದ ಹೆಂಗಸು ಅದು ಬದಲಾಗದಂತೆ ನೋಡಿಕೊಂಡಿದ್ದಳು. ಜೂಡಿ ನಿಯಮ ಹೇಳಿದಳು: ರಮೋನರ ಒಪ್ಪಿಗೆಯಿಲ್ಲದೆ ಧ್ವನಿಯನ್ನು ಯಾರಿಗೂ ಕೇಳಿಸುವಂತಿಲ್ಲ, ಅದರಲ್ಲಿ ಏನಿದೆಯೆಂದು ಹೇಳುವಂತೆಯೂ ಇಲ್ಲ. ಸಮಿತಿಯ ಜಗಳದಲ್ಲಿ ತಲೆ ಹಾಕದಿರುವುದು ಮೇಲು. ಹಾಕಿದರೆ, ನನ್ನ ತಪ್ಪಿನ ಬಗ್ಗೆ ಮಾತ್ರ ಮಾತಾಡಬಹುದು.

"ಅದನ್ನು ಮಾತಾಡಿದ ಮೇಲೆ ವರದಿಯಲ್ಲಿ ನಿನ್ನ ಹೆಸರು ಇಡುವುದು ಕಷ್ಟ," ಎಂದೂ ಸೇರಿಸಿದಳು, ಬಹಳ ಮೃದುವಾಗಿ. ಅವರ ಇಂಗ್ಲಿಷಿನಲ್ಲಿ ಕೆಟ್ಟ ಸುದ್ದಿಗೆ ಯಾವಾಗಲೂ ದಿಂಬು ಇರುತ್ತದೆ.

ಅಡಿಲೇಡ್: ಶನಿವಾರ

ಮಾರ್ತಾಳ ತರಗತಿ ಸಂಘದ ಹಾಲಿನ ಹಿಂದಿನ ಕೋಣೆಯಲ್ಲಿ. ಹೊರಗಿನಿಂದಲೇ ಗಲಾಟೆ ಕೇಳುತ್ತಿತ್ತು. ಮೇಷ್ಟ್ರಿಲ್ಲದ ತರಗತಿ ಎಂದುಕೊಂಡು ಒಳಗೆ ಹೋದರೆ ಮಾರ್ತಾ ಅಲ್ಲೇ ಇದ್ದಳು. ನಾಲ್ಕು ವರ್ಷಕ್ಕೆ ಬಂದವಳು ಈಗ ನಲವತ್ತು ದಾಟಿದ್ದಾಳೆ, ಕೈ ತುಂಬ ಚಾಕ್‌ಪೀಸಿನ ಧೂಳು.

ಅವಳ ವಿಧಾನ ವಿಚಿತ್ರ. ಮಗು ಏನು ಹೇಳಿದರೂ ಅದನ್ನು ಹಾಗೆಯೇ ಹಲಗೆಯ ಎಡಗಡೆ ಬರೆಯುತ್ತಾಳೆ. ಮೇಲೆ 'ಮನೆ' ಎಂಬ ತಲೆಬರಹ. ಬಲಗಡೆ 'ಅಜ್ಜಿ' ಎಂದು ಬರೆದು, ಅದನ್ನೇ ಅಜ್ಜಿ ಹೇಗೆ ಹೇಳುತ್ತಿದ್ದಳೆಂದು ಬರೆಯುತ್ತಾಳೆ. ಎಡಗಡೆಯದನ್ನು ಅಳಿಸುವುದಿಲ್ಲ, ಗೀಟು ಎಳೆಯುವುದಿಲ್ಲ. ಮಕ್ಕಳು ಎರಡನ್ನೂ ಕೂಗುತ್ತವೆ.

"ಅಳಿಸೋದಿಲ್ಲವಾ?" ಎಂದು ಕೇಳಿದೆ.

"ಯಾಕೆ ಅಳಿಸ್ಲಿ? ಅದನ್ನ ಹೇಳಿದ್ದು ಅವನ ಅಮ್ಮ," ಎಂದಳು. "ಅಮ್ಮನ್ನ ಅಳಿಸಿದ್ರೆ ಮುಂದಿನ ಶನಿವಾರ ಅವನು ಬರ್ತಾನಾ?"

ನನ್ನ ತರಗತಿಯಲ್ಲಿ ಪಿನ್ನು ಬಿದ್ದರೂ ಕೇಳುತ್ತದೆ. ಅದನ್ನು ನಾನು ಇಪ್ಪತ್ತು ವರ್ಷದಿಂದ ಶಿಸ್ತು ಎಂದು ಕರೆಯುತ್ತ ಬಂದಿದ್ದೇನೆ. ನನ್ನ ವಿದ್ಯಾರ್ಥಿಗಳು ಹಾರೈಕೆಯ ರೂಪವನ್ನು ಹದಿನಾಲ್ಕು ಬಗೆಯಲ್ಲಿ ಬರೆಯಬಲ್ಲರು. ಸ್ಪ್ಯಾನಿಷ್‌ನಲ್ಲಿ ಅವರು ಏನನ್ನಾದರೂ ಹಾರೈಸಿದ್ದನ್ನು ಕೇಳಿದ ನೆನಪಿಲ್ಲ. ನನ್ನ ನೆನಪು ಕೆಟ್ಟದ್ದೆಂದು ಆಗಲೇ ಹೇಳಿದ್ದೇನೆ, ಆದರೂ.

ಮಕ್ಕಳು ಹೋದ ಮೇಲೆ ಮಾರ್ತಾಗೆ ನಾನು ಮಾಡಿದ್ದನ್ನು ಹೇಳಿಕೊಂಡೆ. ಅವಳು ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಡಸ್ಟರ್ ಕೊಡವುತ್ತ, "ರಮೋನ್ ಪಾಪ, ಆ ಪೇಪರಿಗೆ ಫ್ರೇಮ್ ಹಾಕಿಸಿದಾನಂತೆ, ಗೊತ್ತಾ?" ಎಂದಳು. "ನಾಳೆ ಅವನ ಮಾನ ತೆಗೀಬೇಡ. ನಿನ್ನದನ್ನ ಬೇಕಾದ್ರೆ ತೆಗ್ಕೋ."

ಅಡಿಲೇಡ್: ಭಾನುವಾರ

ಸಮಿತಿ ಎಂದರೆ ಏಳು ಜನ ಹಿರಿಯರು, ಒಂದು ಕೇಕು ಮತ್ತು ಅಧ್ಯಕ್ಷೆ ದೊನ್ಯಾ ಇರ್ಮಾ; 'ದೋನ್'ನ ಹೆಣ್ಣು ರೂಪ 'ದೊನ್ಯಾ'. ಮಕ್ಕಳ ಸಣ್ಣ ಕುರ್ಚಿಗಳಲ್ಲೇ ಎಲ್ಲರೂ ಮೊಣಕಾಲು ಎದೆಗೆ ಸೇರಿಸಿಕೊಂಡು ಕೂತಿದ್ದರು. ನಮ್ಮ ಕಡೆಯ ಕನ್ನಡ ಸಂಘವೇ. ರಾಜ್ಯೋತ್ಸವದ ಬ್ಯಾನರ್ ಒಂದು ಕಡಿಮೆ. ಭಾಷೆ ಉಳಿಯಬೇಕು ಎಂದು ಒಬ್ಬರು ಎದ್ದು ಹೇಳಿದರು, ಉಳಿಯಲೇಬೇಕು ಎಂದು ಇನ್ನೊಬ್ಬರು. ಎರಡನೆಯವರ ಮೊಮ್ಮಗ ಹೊರಗೆ ಕಾರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಹಾರ್ನ್ ಮಾಡುತ್ತಿದ್ದ.

ಇರ್ಮಾ ರಮೋನರ ಪತ್ರ ಓದಿದರು, ಪಾಪಗಳ ಪಟ್ಟಿ ಓದಿದರು, ನನ್ನ ಮುದ್ರೆ ಬಿದ್ದ ಪುಟಗಳನ್ನು ಎತ್ತಿ ತೋರಿಸಿದರು. ಮಾರ್ತಾ ಕಿಟಕಿ ಬಳಿ ನಿಂತಿದ್ದಳು. ನಾನು ಕೈ ಎತ್ತಿದೆ.

"ಆ ಪುಟಗಳಲ್ಲಿ ಇರುವ ವ್ಯಾಕರಣ ದೋನ್ ರಮೋನರದಲ್ಲ, ನನ್ನದು. ಬೆರಳಚ್ಚು ಮಾಡುವಾಗ ತಿದ್ದಿದ್ದೇನೆ. ಆ ಮುದ್ರೆಯಲ್ಲಿರುವುದು 'ಸ್ವೀಕರಿಸಲಾಗಿದೆ' ಎಂದಷ್ಟೇ."

"ಏನನ್ನ ತಿದ್ದಿದ್ರಿ?" ಎಂದು ಒಬ್ಬ ಮುದುಕ ಕೇಳಿದ.

"ಅದನ್ನು ಹೇಳುವಂತಿಲ್ಲ. ನಿಯಮ."

"ಅಂದ್ರೆ ರಮೋನೂ ಮಾರ್ತಾ ಥರಾನೇ ಮಾತಾಡ್ತಾನೆ?"

"ಹೇಳುವಂತಿಲ್ಲ."

"ಹಾಗಾದ್ರೆ ಹೌದು," ಎಂದು ಅವನು ಕೇಕಿಗೆ ಕೈ ಹಾಕಿದ.

ಇರ್ಮಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಮ್ಮ ರಮೋನನ ಸ್ಪ್ಯಾನಿಷ್‌ನ ನೀವು ತಿದ್ದಿದಿರಾ? ನೀವು ಎಲ್ಲಿಯವರು?"

"ಮೈಸೂರು."

ಏಳೂ ಜನ ನಕ್ಕರು. ನನ್ನ ಮಾತನ್ನು ಯಾರೂ ನಂಬಲಿಲ್ಲವೆಂದು ತಿಳಿಯಿತು. ಸುಳ್ಳನ್ನು ಮುದ್ರೆಯೊಂದಿಗೆ ನಂಬಿದ್ದರು. ನಿಜಕ್ಕೆ ನಾನು ಮುದ್ರೆ ತಂದಿರಲಿಲ್ಲ.

"ಅವನನ್ನೇ ಕೇಳೋಣ," ಎಂದು ಇರ್ಮಾ ಮೊಬೈಲಿನ ಸ್ಪೀಕರ್ ಹಾಕಿ ಪರ್ತ್‌ಗೆ ಫೋನ್ ಮಾಡಿದರು. ಎರಡು ಸಲ ರಿಂಗಾಯಿತು. ರಮೋನರ ಧ್ವನಿ, ಹಿಂದೆ ವಾಹನಗಳ ಸದ್ದು.

"ಇರ್ಮಾ? ನಾನು, ನಾನು ಈಗ ಪಾರ್ಕಿಯಾರ್ ಮಾಡ್ತಿದೀನಿ. ಮೀಟಿಂಗು ಚೆನ್ನಾಗಿ ಆಗುತ್ತೆ ಅಂತ ಬಯಸ್ತೀನಿ. ತೆ ಯಾಮೊ ಪಾರ ಅತ್ರಾಸ್." ಕಟ್.

ಪಟ್ಟಿ ಇರ್ಮಾರ ತೊಡೆಯ ಮೇಲೇ ಇತ್ತು. ಅವರು ಫೋನ್ ಕೆಳಗಿಟ್ಟು, ಕಿವಿ ಮಂದವಾದ ಪಕ್ಕದವರಿಗೆ ಜೋರಾಗಿ ಹೇಳಿದರು: "ಪಾರ್ಕಿಯಾರ್ ಮಾಡ್ತಿದಾನಂತೆ! ಹಿಂದಕ್ಕೆ ಕರೀತಾನಂತೆ!" ಪಕ್ಕದವರು ತಲೆಯಾಡಿಸಿದರು. ಯಾರಿಗೂ ಏನೂ ಕೇಳಿಸಿರಲಿಲ್ಲ. ನಾನೂ ಮೂರು ದಿನ ಹೀಗೇ ಕೇಳಿಸಿಕೊಂಡವಳಲ್ಲವೆ?

ಆಗ ಮಾರ್ತಾ ಕಿಟಕಿಯಿಂದ ಹಲಗೆಯ ಬಳಿ ಬಂದಳು. ಶನಿವಾರದ 'ಮನೆ', 'ಅಜ್ಜಿ' ಇನ್ನೂ ಹಾಗೇ ಇದ್ದವು. ಎಡಗಡೆ ಅಣ್ಣನ ಮಾತನ್ನು, ಎರಡು 'ನಾನು' ಸಮೇತ, ಬರೆದಳು. ಬಲಗಡೆ ಅದನ್ನೇ ಅಜ್ಜಿಯ ಭಾಷೆಯಲ್ಲಿ ಬರೆದಳು. ಚಾಕ್‌ಪೀಸು ಇಟ್ಟು ಮತ್ತೆ ಕಿಟಕಿಗೆ ಹೋದಳು.

ಇರ್ಮಾ ಹಲಗೆ ನೋಡಿದರು, ತೊಡೆಯ ಮೇಲಿನ ಪಟ್ಟಿ ನೋಡಿದರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಸಣ್ಣ ಕುರ್ಚಿ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎಡಗಡೆಯದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಬಲಗಡೆಯದನ್ನು ಓದುವಾಗ ನಗು ನಿಂತಿತ್ತು. "ನಮ್ಮಮ್ಮ ಹೀಗೇ ಅಂತಿದ್ರು," ಎಂದರು.

ಮಾರ್ತಾಳೇ ಮುಂದುವರಿಯಲಿ ಎಂದು ಸಮಿತಿ ತೀರ್ಮಾನಿಸಿತು. ಭಾಷೆಯ ಬಗ್ಗೆ ಜ್ಞಾನೋದಯವಾಯಿತೆಂದು ನಾನು ಬರೆಯಬಹುದಿತ್ತು. ಆದರೆ ಅವಳನ್ನು ತೆಗೆದರೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರು ಬರುತ್ತೀರಿ ಎಂದು ಇರ್ಮಾ ಕೇಳಿದಾಗ ಏಳೂ ಜನ ನೆಲ ನೋಡಿದ್ದನ್ನೂ ಬರೆಯಬೇಕಾಗುತ್ತದೆ. ನಿರ್ಣಯವನ್ನು ಘನವಾದ ಸ್ಪ್ಯಾನಿಷ್‌ನಲ್ಲಿ ಬರೆದು, ನನ್ನ ಕೈಗೇ ಕೊಟ್ಟರು. "ತಪ್ಪಿದ್ದರೆ ಸ್ವಲ್ಪ ತಿದ್ದಿಕೊಡಿ, ಸೆನ್ಯೋರಾ."

ತಿದ್ದಿದೆ. ಎರಡು ಕಡೆ. ಕೈ ಕೇಳಲಿಲ್ಲ.

ಮತ್ತೆ ಪರ್ತ್

ಹೊರಡುವ ಹಿಂದಿನ ದಿನ ರಮೋನರು ಥಾರ್ನ್ಲಿಯ ಅಂಗಡಿ ಸಂಕೀರ್ಣದ ಕಾಫಿ ಅಂಗಡಿಗೆ ಬಂದರು. ಟೈ ಇರಲಿಲ್ಲ. ಅಡಿಲೇಡಿನಲ್ಲಿ ನಡೆದದ್ದೆಲ್ಲ ಇರ್ಮಾರಿಂದ ಅವರಿಗೆ ತಲುಪಿತ್ತು. ಚೌಕಟ್ಟಿನಿಂದ ಬಿಡಿಸಿದ ಪುಟಗಳನ್ನು ಮೇಜಿನ ಮೇಲಿಟ್ಟು, "ನಿಜದ್ದನ್ನ ಕೊಡಿ," ಎಂದರು. ಹೊಸದಾಗಿ ಬೆರಳಚ್ಚು ಮಾಡಿದ್ದನ್ನು ಕೊಟ್ಟೆ. ಕೆಮ್ಮು, ತಡವರಿಕೆ, 'ನಾನು, ನಾನು', ಎಲ್ಲ ಇದ್ದದ್ದು ಇದ್ದಂತೆ.

ಬೆರಳಿಟ್ಟು ಓದಿದರು. ಕಾಫಿಯ ಮೇಲೆ ಕೆನೆ ಕಟ್ಟಿತು. ನಾನು ಕ್ಷಮೆ ಕೇಳಲು ಸಿದ್ಧಪಡಿಸಿಕೊಂಡಿದ್ದ ವಾಕ್ಯ ವ್ಯಾಕರಣಬದ್ಧವಾಗಿತ್ತು, ಆದರೆ ಹೊರಗೆ ಬರಲಿಲ್ಲ.

"ಇದು ಮಾರ್ತಾ ಮಾತಾಡಿದ ಹಾಗಿದೆ," ಎಂದರು ಕೊನೆಗೆ.

"ಹೌದು."

"ಅವಳು ನಾಲ್ಕು ವರ್ಷದವಳು, ಇಲ್ಲಿಗೆ ಬಂದಾಗ. ಅಪ್ಪ ಅಮ್ಮ ಫ್ಯಾಕ್ಟರಿಗೆ ಹೋಗ್ತಿದ್ರು. ಅವಳ ಹತ್ರ ಮಾತಾಡ್ತಿದ್ದೋನು ನಾನೊಬ್ಬನೇ." ಪುಟಗಳನ್ನು ಜೋಡಿಸಿ, ಅಂಚು ಸರಿಮಾಡಿ ನನ್ನತ್ತ ನೂಕಿದರು. "ಇದಕ್ಕೂ ಮುದ್ರೆ ಹಾಕಿಸಿಕೊಡಿ. ಅಡಿಲೇಡಿಗೆ ಕಳಿಸ್ಬೇಕು."

ಜೂಡಿಯ ಗುಮಾಸ್ತೆ ಈ ಸಲ ಡ್ರಾಯರನ್ನು ತಾನೇ ತೆಗೆದಳು. ವರದಿಯಲ್ಲಿ ನನ್ನ ಹೆಸರಿಲ್ಲ. ಮುದ್ರೆಗಳ ಜವಾಬ್ದಾರಿ ಮಾತ್ರ ನನ್ನದೇ.

ಮರುದಿನ ವಿಮಾನ ನಿಲ್ದಾಣದಲ್ಲಿ ಅನಿಕಾ ಅಪ್ಪನ ಹಿಂದೆ ನಿಂತಿದ್ದಳು. ಮೂರು ವಾರದ ಮೌನದ ಮೇಲೆ, ನಾನು ಸಾಲಿಗೆ ಸೇರಿ ಬೆನ್ನು ತಿರುಗಿಸಿದಾಗ, ಒಂದು ವಾಕ್ಯ ಕೂಗಿದಳು. ನನ್ನ ನಾಲಗೆ ತುದಿಗೆ ಮೂರು ತಿದ್ದುಪಡಿ ಬಂದವು. ನುಂಗಿಕೊಂಡು, "ಬರ್ತೀನಿ ಕಣೇ, ಬರ್ತೀನಿ," ಎಂದೆ.

ಆ ವಾಕ್ಯವನ್ನು ವಿಮಾನದಲ್ಲಿ ಕೂತ ಕೂಡಲೇ ಬರೆದುಕೊಂಡೆ, ನೆನಪು ಅದನ್ನು ಚೆಂದ ಮಾಡಿಬಿಡುವ ಮೊದಲೇ. ನನ್ನ ದಿನಚರಿಯಲ್ಲಿ ಇದ್ದದ್ದು ಇದ್ದಂತೆ ಇರುವ ವಾಕ್ಯ ಅದೊಂದೇ. ಕರಡು ತಿದ್ದುವವರು ದಯವಿಟ್ಟು ಕೈ ಹಾಕಬಾರದು:

"ಅತ್ತೆ, ನೀನು ಇನ್ನೊಂದು ಸಲ ಬಂದರೆ ನನ್ನ ಖುಷಿ ಆಗುತ್ತಾಳೆ!"